ರೋಸ್ ಹಾಥಾರ್ನಳ ಜೀವಿತ

ರೋಗಿಗಳ ಸೇವೆಯಲ್ಲಿ ಎರಡು ವಿಧವಾದ ಕೆಲಸಗಳುಂಟು. ರೋಗವೇನೆಂಬದನ್ನು ಗೊತ್ತುಹಚ್ಚಿ ಔಷಧ ಕೊಡುವದೂ ಶಸ್ತ್ರಕ್ರಿಯೆ ನಡಿಸುವದೂ ಒಂದು ವಿಧ. ರೋಗಿಯ ಮೈ ತೊಳೆದು, ಹುಣ್ಣಿಗೆ ಪಟ್ಟಿ ಕಟ್ಟಿ, ಹಾಸಿಗೆ ಬದಲಿಸಿ, ಗಂಜಿ ಕುಡಿಸಿ, ನಿದ್ರೆ ಬಾರದ ರಾತ್ರಿಯಲ್ಲಿ ಬಳಿಯಲ್ಲಿ ಕುಳಿತಿರುವದು ಇನ್ನೊಂದು ವಿಧ. ಮೊದಲನೆಯದನ್ನು ಮಾಡುವವರನ್ನು ಲೋಕವು ಹೆಸರು ಹಿಡಿದು ಕೊಂಡಾಡುತ್ತದೆ. ಎರಡನೆಯದನ್ನು ಮಾಡುವವರ ಹೆಸರನ್ನು ಕೇಳುವವರು ವಿರಳ. ಆದರೆ ಔಷಧವು ಸೋತು ನಿಂತ ಸ್ಥಳದಲ್ಲಿಯೂ ಈ ಎರಡನೆಯ ಕೆಲಸವು ನಿಲ್ಲುವದಿಲ್ಲ, ನಿಲ್ಲಲೂ ಕೂಡದು. ಇದನ್ನು ತನ್ನ ಜೀವಮಾನದಿಂದಲೇ ತೋರಿಸಿಕೊಟ್ಟ ಒಬ್ಬ ಮಹಿಳೆಯ ಚರಿತ್ರೆಯನ್ನು ನಾವು ಇಲ್ಲಿ ಸಂಗ್ರಹವಾಗಿ ಹೇಳಲು ಬಯಸುತ್ತೇವೆ.

ಅಮೇರಿಕಾ ದೇಶದ ಗ್ರಂಥಕರ್ತನಾದ ನಥಾನಿಯೇಲ್ ಹಾಥಾರ್ನನ ಹೆಸರನ್ನು ಆಂಗ್ಲ ಸಾಹಿತ್ಯವನ್ನು ಅಭ್ಯಸಿಸಿದವರು ಬಲ್ಲರು. ಆತನ ಸ್ಕಾರ್ಲೆಟ್ ಲೆಟರ್ ಎಂಬ ಕಾದಂಬರಿಯು 1850ರಲ್ಲಿ ಪ್ರಕಟವಾಗಿ ಆತನಿಗೆ ದೊಡ್ಡ ಕೀರ್ತಿಯನ್ನು ತಂದಿತು. ಮರುವರ್ಷ, ಅಂದರೆ 1851ನೆಯ ಮೇ ತಿಂಗಳ 20ನೆಯ ತಾರೀಖಿನಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಲೆನಾಕ್ಸ್ ಎಂಬ ಊರಿನಲ್ಲಿ ಆತನ ಮೂರನೆಯ ಮಗುವಾಗಿ ರೋಸಳು ಹುಟ್ಟಿದಳು. ತಾಯಿಯಾದ ಸೋಫಿಯಾ ಚಿತ್ರಕಲೆಯಲ್ಲಿ ನಿಪುಣಳು. 1853ರಲ್ಲಿ ತಂದೆಯು ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಲ್ಲಿ ತನ್ನ ಸರಕಾರದ ಪ್ರತಿನಿಧಿಯಾಗಿ ನೇಮಿಸಲ್ಪಟ್ಟದ್ದರಿಂದ ಕುಟುಂಬವು ಅಲ್ಲಿಗೆ ಹೋಯಿತು. ತರುವಾಯ ಇಟಲಿಯಲ್ಲಿಯೂ ಕೆಲವು ಕಾಲ ವಾಸಮಾಡಿ 1860ರಲ್ಲಿ ಸ್ವದೇಶಕ್ಕೆ ಮರಳಿತು. ಹೀಗೆ ರೋಸಳ ಬಾಲ್ಯವು ಪುಸ್ತಕಗಳ ನಡುವೆಯೂ ಚಿತ್ರಗಳ ನಡುವೆಯೂ ಪಂಡಿತರ ಸಂಭಾಷಣೆಯ ನಡುವೆಯೂ ಕಳೆಯಿತು. ಈ ಹುಡುಗಿಯು ಮುಂದೆ ಬಡವರ ಹುಣ್ಣುಗಳನ್ನು ತೊಳೆಯುವಳೆಂದು ಆಗ ಯಾರೂ ಎಣಿಸಿರಲಿಲ್ಲ.

ಲಿವರ್‌ಪೂಲಿನ ಆ ದಿನಗಳಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಹಾಥಾರ್ನನು ಸ್ವಭಾವದಿಂದ ಬಹಳ ಸಂಕೋಚದವನು. ಕೊಳೆಯನ್ನೂ ವಿಕಾರವನ್ನೂ ಕಂಡರೆ ಹಿಂಜರಿಯುವವನು. ಆತನು ಒಂದು ದಿನ ನಿರ್ಗತಿಕರ ಆಶ್ರಯಶಾಲೆಯೊಂದನ್ನು ನೋಡಲು ಹೋದಾಗ, ರೋಗದಿಂದ ಮುಖವೆಲ್ಲಾ ವಿಕಾರವಾಗಿದ್ದ, ಗಂಡೋ ಹೆಣ್ಣೋ ತಿಳಿಯದಂತಿದ್ದ ಒಂದು ಕೂಸು ಆತನ ಬೆನ್ನು ಹತ್ತಿ ಬಂದು, ಮಾತಿಲ್ಲದೆ ಎದುರಿಗೆ ನಿಂತು, ತನ್ನನ್ನು ಎತ್ತಿಕೊಳ್ಳಬೇಕೆಂದು ಕೈ ಚಾಚಿತು. ಆತನ ಮನಸ್ಸು ಅಸಹ್ಯಪಟ್ಟಿತು. ಆದರೂ ಆತನು ಬಗ್ಗಿ ಆ ಕೂಸನ್ನು ಎತ್ತಿಕೊಂಡು, ತಂದೆಯು ಮಗುವನ್ನು ಮುದ್ದಿಸುವಂತೆ ಮುದ್ದಿಸಿ ಇಳಿಸಿದನು. ಈ ಸಂಗತಿಯನ್ನು ದಿನಚರಿಯಲ್ಲಿ ಬರೆದಿಟ್ಟ ಆತನು, ಗ್ರಂಥದಲ್ಲಿ ಪ್ರಕಟಿಸುವಾಗ ಮಾತ್ರ ತನ್ನ ಹೆಸರನ್ನು ಮರೆಮಾಡಿ ಬೇರೊಬ್ಬನು ಮಾಡಿದನೆಂಬಂತೆ ಹೇಳಿದನು. ಮಗಳು ಬೆಳೆದ ಮೇಲೆ ಇದನ್ನು ತಿಳಿದುಕೊಂಡಳು. ತಂದೆಯು ಬರೆದದ್ದೆಲ್ಲದರಲ್ಲಿ ಇದೇ ಶ್ರೇಷ್ಠವೆಂದು ನೆನಸಿದಳು.

ರೋಸಳಿಗೆ ದುಃಖವು ಬೇಗನೇ ಬಂತು. ಆಕೆಯ ಹದಿಮೂರನೆಯ ಹುಟ್ಟುಹಬ್ಬದ ಮುನ್ನಾದಿನ, 1864ನೆಯ ಮೇ 19ರಂದು, ತಂದೆಯು ಮರಣಹೊಂದಿದನು. ತಾಯಿಯು ಮಕ್ಕಳೊಂದಿಗೆ ಯೂರೋಪಿಗೆ ಹೋಗಿ 1871ರಲ್ಲಿ ಲಂಡನ್ ನಗರದಲ್ಲಿ ತೀರಿಕೊಂಡಳು. ಅದೇ ವರ್ಷ ರೋಸಳು ಜಾರ್ಜ್ ಲೇಥ್ರಾಪ್ ಎಂಬ ಯುವಕ ಲೇಖಕನನ್ನು ಮದುವೆಯಾದಳು. 1876ರಲ್ಲಿ ಹುಟ್ಟಿದ ಒಬ್ಬನೇ ಮಗನು ಗಂಟಲಮಾರಿ ರೋಗದಿಂದ 1881ರಲ್ಲಿ, ನಾಲ್ಕು ವರ್ಷದವನಿರುವಾಗಲೇ ತೀರಿಕೊಂಡನು. ಆಕೆಯು ಕವಿತೆಗಳನ್ನೂ ಕಥೆಗಳನ್ನೂ ಬರೆದಳು. 1888ರಲ್ಲಿ ಒಂದು ಕವನಸಂಗ್ರಹವು ಹೊರಬಂತು. 1891ರಲ್ಲಿ ದಂಪತಿಗಳಿಬ್ಬರೂ ಕಥೋಲಿಕ ಸಭೆಯನ್ನು ಸೇರಿದರು. ಆದರೆ ಪತಿಯ ಪಾನಾಸಕ್ತಿಯಿಂದ ಸಂಸಾರವು ಸುಖವಾಗಿರಲಿಲ್ಲ. 1895ರಲ್ಲಿ ಇಬ್ಬರೂ ಬೇರೆ ಬೇರೆಯಾದರು. ಆಗ ಆಕೆಗೆ ವಯಸ್ಸು ನಾಲ್ವತ್ತನ್ನು ದಾಟಿತ್ತು. ಮಗನಿಲ್ಲ, ಮನೆಯಿಲ್ಲ, ಕೈಯಲ್ಲಿ ಹೆಚ್ಚಿನ ಹಣವೂ ಇಲ್ಲ. ಜೀವಿತದಲ್ಲಿ ಮಾಡತಕ್ಕದ್ದೆಲ್ಲಾ ಮುಗಿಯಿತೆಂದು ಅನೇಕರು ಹೇಳುವ ವಯಸ್ಸಿನಲ್ಲಿ ಆಕೆಯ ನಿಜವಾದ ಕೆಲಸವು ಆರಂಭವಾಯಿತು.

ಆ ಕಾಲದಲ್ಲಿ ಕ್ಯಾನ್ಸರ್ ರೋಗದ ಸ್ಥಿತಿಯು ಹೇಗಿತ್ತೆಂಬದನ್ನು ತಿಳಿಯದೆ ಆಕೆಯ ಕೆಲಸದ ಬೆಲೆಯು ತಿಳಿಯದು. ಕ್ಷಕಿರಣವು ಕಂಡುಹಿಡಿಯಲ್ಪಟ್ಟದ್ದು 1895ರಲ್ಲಿ. ರೇಡಿಯಮ್ ಧಾತುವು 1898ರಲ್ಲಿ. ಅದಕ್ಕೆ ಮುಂಚೆ ಶಸ್ತ್ರಕ್ರಿಯೆಯೊಂದೇ ಮಾರ್ಗವಾಗಿತ್ತು. ಅದೂ ರೋಗವು ಚಿಕ್ಕದಿರುವಾಗ ಮಾತ್ರ. ಗಡ್ಡೆಯು ಒಡೆದು ಹುಣ್ಣಾಗಿ ದುರ್ಗಂಧವು ಹರಡಿದ ಮೇಲೆ ರೋಗಿಯ ಬಳಿಗೆ ಬರುವವರಿರಲಿಲ್ಲ. ಮುಟ್ಟಿದರೆ ಈ ರೋಗವು ಅಂಟಿಕೊಳ್ಳುವದೆಂದು ಜನರು ಭಯಪಡುತ್ತಿದ್ದರು. ಗುಣವಾಗದ ರೋಗಿಗಳನ್ನು ಆಸ್ಪತ್ರೆಗಳು ಇಟ್ಟುಕೊಳ್ಳುತ್ತಿರಲಿಲ್ಲ. ನ್ಯೂಯಾರ್ಕ್ ನಗರದ ಬಡವನಿಗೆ ಇಂಥ ಗತಿ ಬಂದರೆ, ನದಿಯ ನಡುವಣ ಬ್ಲ್ಯಾಕ್‌ವೆಲ್ ದ್ವೀಪದ ಅನಾಥಾಲಯವೇ ಆತನಿಗೆ ಕಡೆಯ ಮನೆ.

ರೋಸಳಿಗೆ ಎಮ್ಮಾ ಲಾಜರಸ್ ಎಂಬ ಸ್ನೇಹಿತೆಯಿದ್ದಳು. ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯದೇವಿಯ ವಿಗ್ರಹವನ್ನು ಕುರಿತು ಪ್ರಸಿದ್ಧ ಕವಿತೆಯನ್ನು ಬರೆದವಳು ಈಕೆಯೇ. ಎಮ್ಮಾ 1887ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಆಕೆಯು ಧನಿಕರ ಮಗಳು. ಕಡೆಯ ದಿನಗಳಲ್ಲಿ ಆಕೆಗೆ ವೈದ್ಯರೂ ದಾದಿಯರೂ ಮೆತ್ತನೆಯ ಹಾಸಿಗೆಯೂ ಇದ್ದವು. ಕೆಲವು ವರ್ಷಗಳ ಮೇಲೆ ರೋಸಳು ಮತ್ತೊಬ್ಬಳ ಸಂಗತಿಯನ್ನು ಕೇಳಿದಳು. ಅವಳು ಬಟ್ಟೆ ಹೊಲಿದು ಜೀವಿಸುವ ಬಡವಳು. ಅದೇ ರೋಗವು ಬಂದಾಗ ಅವಳು ಕೂಡಿಟ್ಟ ಹಣವು ತೀರಿಹೋಗಿ, ಆಸರೆಯಿಲ್ಲದೆ, ಆ ದ್ವೀಪಕ್ಕೆ ಸಾಗಿಸಲ್ಪಟ್ಟಳು. ರೋಗವೊಂದೇ; ಸಾವು ಒಂದೇ; ಸಾಯುವ ರೀತಿಯಲ್ಲಿ ಮಾತ್ರ ಭೂಮ್ಯಾಕಾಶದ ಅಂತರ. ಈ ಅಂತರವು ರೋಸಳನ್ನು ಸುಮ್ಮನಿರಗೊಡಲಿಲ್ಲ.

ಕನಿಕರಪಡುವದು ಸುಲಭ, ಕನಿಕರವನ್ನು ಕೈಗೆ ಇಳಿಸುವದು ಕಷ್ಟ. ರೋಸಳು ಚಂದಾ ಎತ್ತುವ ಸಂಘವನ್ನು ಮೊದಲು ಕಟ್ಟಲಿಲ್ಲ. ಮೊದಲು ಕೆಲಸವನ್ನು ಕಲಿತಳು. 1896ರ ಬೇಸಿಗೆಯಲ್ಲಿ ಆಕೆಯು ನ್ಯೂಯಾರ್ಕ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೂರು ತಿಂಗಳ ಶುಶ್ರೂಷಾ ಶಿಕ್ಷಣಕ್ಕೆ ಸೇರಿದಳು. 1884ರಲ್ಲಿ ಸ್ಥಾಪಿತವಾದ ಈ ಆಸ್ಪತ್ರೆಯ ಕೊಠಡಿಗಳನ್ನು ಮೂಲೆಗಳಲ್ಲಿ ಕೊಳೆಯು ನಿಲ್ಲಬಾರದೆಂದು ದುಂಡಗೆ ಕಟ್ಟಿದ್ದರು. ಮೊದಲ ದಿನಗಳಲ್ಲಿ ಹುಣ್ಣುಗಳ ನೋಟವೂ ವಾಸನೆಯೂ ಆಕೆಯನ್ನು ತತ್ತರಗೊಳಿಸಿದವು. ಆದರೂ ಆಕೆಯು ಹೊರಟುಹೋಗಲಿಲ್ಲ. ತಂದೆಯಂತೆಯೇ ಅಸಹ್ಯವನ್ನು ಗೆದ್ದು ಕೈ ಚಾಚಿದಳು. ಹೀಗೆ ನಲವತ್ತೈದನೆಯ ವಯಸ್ಸಿನಲ್ಲಿ ಆಕೆಯು ವೈದ್ಯಳಾಗಲಿಲ್ಲ, ಪೂರ್ಣ ಶಿಕ್ಷಣ ಪಡೆದ ದಾದಿಯೂ ಆಗಲಿಲ್ಲ. ಈಗಿನ ಮಾತಿನಲ್ಲಿ ಹೇಳುವದಾದರೆ ದಾದಿಯ ಸಹಾಯಕಿಯಾದಳು. ಆಕೆಗಿದ್ದ ವೈದ್ಯವಿದ್ಯೆಯೆಲ್ಲಾ ಈ ಮೂರು ತಿಂಗಳದ್ದೇ.

ಅದೇ ವರ್ಷದ ಶರತ್ಕಾಲದಲ್ಲಿ ಆಕೆಯು ನಗರದ ಪೂರ್ವಭಾಗದಲ್ಲಿ, ದೂರದೇಶಗಳಿಂದ ಬಂದ ಬಡಜನರು ಕಿಕ್ಕಿರಿದು ವಾಸಿಸುತ್ತಿದ್ದ ಸ್ಕ್ಯಾಮೆಲ್ ಬೀದಿಯಲ್ಲಿ, ಹಳೆಯ ಕಟ್ಟಡವೊಂದರ ಕೊಠಡಿಗಳನ್ನು ಬಾಡಿಗೆಗೆ ಹಿಡಿದಳು. ತಾನೇ ನೆಲವನ್ನು ತಿಕ್ಕಿ ಗೋಡೆಗೆ ಬಣ್ಣ ಬಳಿದಳು. ನೆರೆಯವರ ಮನೆಗಳಿಗೆ ಹೋಗಿ ಹುಣ್ಣುಗಳನ್ನು ತೊಳೆದು ಪಟ್ಟಿ ಕಟ್ಟತೊಡಗಿದಳು. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಕೆಗೆ ಪರಿಚಯವಾಗಿದ್ದ, ಮುಖದ ಮೇಲೆ ರೋಗವು ಹಬ್ಬಿದ್ದ ಒಬ್ಬ ವೃದ್ಧೆಯು ಅಲ್ಲಿಂದ ಹೊರಗೆ ಬಂದಾಗ, ಆಕೆಯನ್ನು ತನ್ನ ಕೊಠಡಿಗೇ ಕರತಂದು ಇಟ್ಟುಕೊಂಡಳು. ಆ ವೃದ್ಧೆಯ ಸ್ವಭಾವವು ಸೌಮ್ಯವಾಗಿರಲಿಲ್ಲ. ಆದರೆ ರೋಗಿಯು ಸದ್ಗುಣಿಯಾಗಿದ್ದರೆ ಮಾತ್ರ ಸೇವೆ ಮಾಡಬೇಕೆಂಬ ನಿಯಮವನ್ನು ರೋಸಳು ಇಟ್ಟುಕೊಂಡಿರಲಿಲ್ಲ. 1897ರಲ್ಲಿ ಆಕೆಯು ತಂದೆಯ ಸ್ಮರಣೆಗಳನ್ನು ಕುರಿತ ಒಂದು ಗ್ರಂಥವನ್ನು ಪ್ರಕಟಿಸಿದಳು; ವಾರ್ತಾಪತ್ರಿಕೆಗಳ ಮೂಲಕ ಸಾರ್ವಜನಿಕರನ್ನು ಸಹಾಯಕ್ಕಾಗಿ ಬೇಡಿಕೊಂಡಳು. ಮಾರ್ಕ್ ಟ್ವೇನನೆಂಬ ಪ್ರಖ್ಯಾತ ಲೇಖಕನೂ ಈ ಕಾರ್ಯದ ಬೆಂಬಲಿಗನಾದನು.

ಆಕೆಯು ಮಾಡಿಕೊಂಡ ನಿಯಮಗಳು ಕೆಲವೇ; ಆದರೆ ಕಟ್ಟುನಿಟ್ಟಾದವುಗಳು. ರೋಗಿಯಿಂದಾಗಲಿ ಅವನ ಬಂಧುಗಳಿಂದಾಗಲಿ ಒಂದು ಕಾಸನ್ನೂ ತೆಗೆದುಕೊಳ್ಳಕೂಡದು. ಬಡವನೂ ಗುಣವಾಗದ ರೋಗವುಳ್ಳವನೂ ಆಗಿದ್ದರೆ ಅವನ ಮತ ಯಾವದೆಂದು ಕೇಳಕೂಡದು. ರೋಗಿಗಳ ಮೇಲೆ ವೈದ್ಯರು ಹೊಸ ಪ್ರಯೋಗಗಳನ್ನು ನಡಿಸಲು ಬಿಡಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಹುಣ್ಣು ಎಷ್ಟೇ ಭೀಕರವಾಗಿರಲಿ, ಶುಶ್ರೂಷೆ ಮಾಡುವವಳ ಮುಖದಲ್ಲಿ ಅಸಹ್ಯವು ಕಾಣಕೂಡದು. ಈ ಕಡೆಯ ನಿಯಮವನ್ನು ನಾವು ಸ್ವಲ್ಪ ಆಲೋಚಿಸಿ ನೋಡಬೇಕು. ಮುಖದ ಕ್ಯಾನ್ಸರುಳ್ಳವನು ಕನ್ನಡಿಯನ್ನು ನೋಡದಿರಬಹುದು. ಆದರೆ ತನ್ನ ಬಳಿಗೆ ಬರುವವರ ಕಣ್ಣುಗಳನ್ನು ನೋಡದಿರಲಾರನು. ಅವನಿಗೆ ಆ ಕಣ್ಣುಗಳೇ ಕನ್ನಡಿ. ಅವುಗಳಲ್ಲಿ ತಾನು ಮನುಷ್ಯನಾಗಿ ಕಂಡರೆ ಅವನು ಮನುಷ್ಯನಾಗಿಯೇ ಸಾಯುವನು.

ಇಂಥ ಕೆಲಸಕ್ಕೆ ಜೊತೆಗಾರರು ದೊರೆಯುವದು ಕಠಿನ. ಬಂದವರಲ್ಲಿ ಹಲವರು ಹೆಚ್ಚು ದಿನ ನಿಲ್ಲಲಿಲ್ಲ. 1897ರ ಕೊನೆಯಲ್ಲಿ ಕೆಂಟಕಿ ಸಂಸ್ಥಾನದ ಆಲಿಸ್ ಹ್ಯೂಬರ್ ಎಂಬ ಚಿತ್ರಕಲಾವಿದೆಯು ವಾರಕ್ಕೆ ಒಂದು ಮಧ್ಯಾಹ್ನ ಸಹಾಯಮಾಡಲು ಬಂದಳು. ಆಕೆಗೂ ಮೊದಲು ಅಲ್ಲಿಯ ನೋಟವು ಸಹಿಸಲಾಗಲಿಲ್ಲ. ಆದರೆ ರೋಗಿಗಳ ನಡುವೆ ರೋಸಳು ವರ್ತಿಸುವ ರೀತಿಯನ್ನು ಕಂಡು ತಿರಿಗಿ ಬಂದಳು. 1898ರ ಮಾರ್ಚಿಯಲ್ಲಿ ಪೂರ್ಣವಾಗಿ ಅಲ್ಲಿಯೇ ನಿಂತಳು. ಮರುತಿಂಗಳಲ್ಲಿ ರೋಸಳ ಪತಿಯು ತೀರಿಕೊಂಡನು. 1899ರಲ್ಲಿ ಚೆರಿ ಬೀದಿಯಲ್ಲಿ ಒಂದು ಮನೆಯು ಕೊಳ್ಳಲ್ಪಟ್ಟು ಬಡ ಕ್ಯಾನ್ಸರ್ ರೋಗಿಗಳ ಧರ್ಮಶಾಲೆಯಾಯಿತು. 1900ನೆಯ ಡಿಸೆಂಬರ 8ರಂದು ಇಬ್ಬರೂ ಡೊಮಿನಿಕನ್ ಸಂನ್ಯಾಸಿನಿಯರಾದರು. ರೋಸಳು ಮದರ್ ಮೇರಿ ಅಲ್ಫೋನ್ಸಾ ಎಂಬ ಹೆಸರನ್ನು ಹೊಂದಿದಳು. 1901ರಲ್ಲಿ ನಗರದ ಹೊರಗೆ, ಬೆಟ್ಟದ ಮೇಲೆ, ರೋಸರಿ ಹಿಲ್ ಎಂಬ ದೊಡ್ಡ ಆಶ್ರಯವು ತೆರೆಯಲ್ಪಟ್ಟಿತು. ಆ ಊರಿಗೆ ತರುವಾಯ ಹಾಥಾರ್ನ್ ಎಂಬ ಹೆಸರೇ ಬಂತು.

ಆಕೆಯು ಹುಟ್ಟಿನಿಂದಲೇ ಶಾಂತಮೂರ್ತಿಯಾಗಿದ್ದಳೆಂದು ಹೇಳುವದು ಸತ್ಯವಾಗದು. ಆಕೆಯು ಆತುರದವಳು, ಮುಂಗೋಪಿ, ಅಂದಚೆಂದಗಳಲ್ಲಿ ಆಸಕ್ತಿಯುಳ್ಳವಳು. ಆ ಸ್ವಭಾವವನ್ನು ಆಕೆಯು ಕೊಂದುಹಾಕಲಿಲ್ಲ, ಕೆಲಸಕ್ಕೆ ಹಚ್ಚಿದಳು. ಅಂದದ ಮೇಲಣ ಪ್ರೀತಿಯು ರೋಗಿಗಳ ಕೊಠಡಿಗಳನ್ನು ಬೆಳಕೂ ಬಣ್ಣವೂ ಉಳ್ಳವುಗಳನ್ನಾಗಿ ಮಾಡಿತು. ಲೇಖನಿಯು ಬಡವರಿಗಾಗಿ ಬೇಡುವ ಪತ್ರಗಳನ್ನು ಬರೆಯಿತು. ರೋಸರಿ ಹಿಲ್ಲಿನ ಹಳೆಯ ಮರದ ಕಟ್ಟಡಕ್ಕೆ ಬೆಂಕಿ ತಗಲಿದರೆ ಏಳಲಾರದ ರೋಗಿಗಳ ಗತಿಯೇನೆಂಬ ಚಿಂತೆಯು ಆಕೆಯನ್ನು ಕಾಡುತ್ತಿತ್ತು. ಬೆಂಕಿ ತಗಲದ ಹೊಸ ಕಟ್ಟಡಕ್ಕಾಗಿ ಹಣ ಕೂಡಿಸುತ್ತಿರುವಾಗಲೇ, 1926ನೆಯ ಜುಲಾಯಿ 9ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ ಆಕೆಯು ನಿದ್ರೆಯಲ್ಲಿ ತೀರಿಕೊಂಡಳು. ಅದು ಆಕೆಯ ತಂದೆತಾಯಿಗಳ ವಿವಾಹದ ದಿನವಾಗಿತ್ತು. ಆಲಿಸ್ ಹ್ಯೂಬರಳು ಕೆಲಸವನ್ನು ಮುಂದೆ ನಡಿಸಿದಳು. ಆ ಸಹೋದರೀ ಸಂಘವು ಈಗಲೂ ಬಡ ಕ್ಯಾನ್ಸರ್ ರೋಗಿಗಳನ್ನು ಹಣವಿಲ್ಲದೆ ನೋಡಿಕೊಳ್ಳುತ್ತಿದೆ.

ಈ ಬೀಜವು ಬೇರೆ ಕೈಗಳಿಂದ ನಮ್ಮ ದೇಶದಲ್ಲಿಯೂ ಬಿತ್ತಲ್ಪಟ್ಟಿತು. ತಂಗಿಯನ್ನು ಕ್ಯಾನ್ಸರಿನಿಂದ ಕಳಕೊಂಡ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ 12 ಹಾಸಿಗೆಗಳ ಕ್ಯಾನ್ಸರ್ ಸಂಸ್ಥೆಯು ಆರಂಭವಾಯಿತು. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆಯು ಹುಟ್ಟಿತು; ಅದರ ಶಾಖೆಯು ನಮ್ಮ ಕಲಬುರಗಿಯಲ್ಲಿಯೂ ಇದೆ. ಗುಣವಾಗದ ಹಂತವನ್ನು ಮುಟ್ಟಿದ ರೋಗಿಗಳಿಗಾಗಿ 1994ರಲ್ಲಿ ಬೆಂಗಳೂರಿನಲ್ಲಿ ಒಂದು ಧರ್ಮಸಂಸ್ಥೆಯು ಕಟ್ಟಲ್ಪಟ್ಟು, ಅದರ ಕರುಣಾಶ್ರಯವು 1999ರಲ್ಲಿ ಬಾಗಿಲು ತೆರೆಯಿತು. ಅಲ್ಲಿಯೂ ರೋಗಿಯಿಂದ ಹಣ ತೆಗೆದುಕೊಳ್ಳುವ ಪದ್ಧತಿಯಿಲ್ಲ.

ವೈದ್ಯವಿದ್ಯೆಯು ರೋಸಳ ಕಾಲಕ್ಕಿಂತ ಬಹಳ ಮುಂದುವರಿದಿದೆ. ಕ್ಯಾನ್ಸರು ಮುಟ್ಟಿದರೆ ಅಂಟುವ ರೋಗವಲ್ಲವೆಂಬದು ಈಗ ನಿಶ್ಚಯ. ಅನೇಕ ವಿಧದ ಕ್ಯಾನ್ಸರುಗಳು ಬೇಗನೆ ಗೊತ್ತಾದರೆ ಗುಣವಾಗುತ್ತವೆ. ಆದರೆ ಚಿಕಿತ್ಸೆಯ ತೀಕ್ಷ್ಣ ಔಷಧಗಳು ರಕ್ತದ ಬಿಳಿಯ ಕಣಗಳನ್ನು ಕುಗ್ಗಿಸುವದರಿಂದ ರೋಗಿಯ ಮೈಯಲ್ಲಿ ಬೇರೆ ರೋಗಗಳನ್ನು ತಡೆಯುವ ಶಕ್ತಿಯು ಕಡಿಮೆಯಾಗುತ್ತದೆ. ಹುಟ್ಟಿನಿಂದಲೇ ಈ ಶಕ್ತಿಯು ಕುಂದಿದವರೂ, ಎಚ್.ಐ.ವಿ. ಸೋಂಕಿನಿಂದ ಕುಂದಿದವರೂ ಉಂಟು. ಈ ಶಕ್ತಿಯೇ ದಾರಿತಪ್ಪಿ ಸ್ವಂತ ಮೈಯನ್ನೇ ಬಾಧಿಸುವ ರೋಗಗಳಲ್ಲಿ ಅದನ್ನು ಅಡಗಿಸಲು ಔಷಧ ತೆಗೆದುಕೊಳ್ಳುವವರೂ ಉಂಟು. ಇವರೆಲ್ಲರ ವಿಷಯದಲ್ಲಿ ಭಯವು ತಿರುವುಮುರುವಾಗಿದೆ: ರೋಗಿಯಿಂದ ನಮಗೆ ಅಪಾಯವೆಂಬದಕ್ಕಿಂತ ನಮ್ಮಿಂದ ರೋಗಿಗೆ ಅಪಾಯವೆಂಬದೇ ಹೆಚ್ಚು ನಿಜ.

ಆದಕಾರಣ ಸಹಾಯಕಿಯ ಚಿಕ್ಕ ಕೆಲಸಗಳು ಈಗ ಮೊದಲಿಗಿಂತ ದೊಡ್ಡವಾಗಿವೆ. ರೋಗಿಯನ್ನು ಮುಟ್ಟುವ ಮುಂಚೆಯೂ ಮುಟ್ಟಿದ ಮೇಲೆಯೂ ಸಾಬೂನಿನಿಂದ ಕೈ ತೊಳೆಯಬೇಕು. ನೆಗಡಿ ಕೆಮ್ಮುಳ್ಳವರನ್ನು ದೂರವಿರಿಸಬೇಕು. ನೀರನ್ನು ಕಾಸಿ ಆರಿಸಿ ಕೊಡಬೇಕು. ಊಟವು ಬಿಸಿಯಾಗಿಯೂ ಅಂದೇ ಮಾಡಿದ್ದಾಗಿಯೂ ಇರಬೇಕು. ಬಾಯಿಯು ಹುಣ್ಣಾದರೆ ಮೆತ್ತನೆಯ ಬ್ರಶ್ಶಿನಿಂದ ಹಲ್ಲುಜ್ಜಿಸಿ ಉಪ್ಪುನೀರಿನಿಂದ ಮುಕ್ಕಳಿಸಿಸಬೇಕು. ಏಳಲಾರದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಬೆನ್ನಿನಲ್ಲಿಯೂ ಹಿಮ್ಮಡಿಯಲ್ಲಿಯೂ ಹಾಸಿಗೆಹುಣ್ಣುಗಳಾಗುವವು. ತೀಕ್ಷ್ಣ ಔಷಧ ತೆಗೆದುಕೊಂಡವರ ಮಲಮೂತ್ರ ವಾಂತಿಗಳನ್ನು ತೆಗೆಯುವಾಗ ಕೈಚೀಲ ಧರಿಸಬೇಕು. ಜ್ವರವು 38 ಡಿಗ್ರಿ ಸೆಲ್ಸಿಯಸನ್ನು, ಅಂದರೆ ಫ್ಯಾರನ್‌ಹೀಟಿನ ನೂರಕ್ಕಿಂತ ಸ್ವಲ್ಪ ಹೆಚ್ಚನ್ನು, ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ದಾದಿಗೋ ವೈದ್ಯರಿಗೋ ತಿಳಿಸಬೇಕು. ತಾನಾಗಿ ಔಷಧ ಕೊಡಬಾರದು. ರೋಗಿಯ ಬಳಿ ಹೆಚ್ಚು ಹೊತ್ತು ಇರುವವಳು ಸಹಾಯಕಿಯೇ ಆದದರಿಂದ ಬದಲಾವಣೆಯನ್ನು ಮೊದಲು ಕಾಣುವ ಕಣ್ಣು ಆಕೆಯದು. ಆ ಕಣ್ಣು ಕಂಡದ್ದನ್ನು ತಡಮಾಡದೆ ಹೇಳಿದ್ದರಿಂದ ಉಳಿದ ಜೀವಗಳು ಅನೇಕ.

ನಮ್ಮ ಕುಂಚಾವರಂ ಸೀಮೆಯು ಚಿಂಚೋಳಿಯ ಕಾಡುಗುಡ್ಡಗಳ ನಡುವೆ ತೆಲಂಗಾಣದ ಗಡಿಗೆ ತಗಲಿಕೊಂಡಿದೆ. ಇಲ್ಲಿಯ ಹಳ್ಳಿ ತಾಂಡಾಗಳಲ್ಲಿ ಒಬ್ಬರಿಗೆ ಇಂಥ ರೋಗವು ಬಂದರೆ ಕಲಬುರಗಿಗೋ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು. ಆದರೆ ದವಾಖಾನೆಯ ದಿನಗಳು ಕೆಲವು; ಮನೆಯ ದಿನಗಳು ಹಲವು. ಮನೆಯಲ್ಲಿ ರೋಗಿಯ ಬಳಿ ನಿಲ್ಲುವವಳು ಬಹುಮಟ್ಟಿಗೆ ಹೆಂಡತಿ, ಸೊಸೆ ಅಥವಾ ಮಗಳು. ಯಾರೂ ಕಲಿಸದ ಕೆಲಸವನ್ನು, ಹಗಲು ಹೊಲದಲ್ಲಿ ದುಡಿದು ರಾತ್ರಿ ಮಾಡುವವಳು ಅವಳೇ. ಕೆಲವು ಮನೆಗಳಲ್ಲಿ ತಟ್ಟೆಲೋಟಗಳನ್ನು ಬೇರೆಯಿಟ್ಟು ರೋಗಿಯನ್ನು ಮೂಲೆಗೆ ಸೇರಿಸುವದೂ ಉಂಟು; ಇದು ದುಷ್ಟತನದಿಂದಲ್ಲ, ತಿಳುವಳಿಕೆಯಿಲ್ಲದ್ದರಿಂದ. ಶಾಲೆಯಲ್ಲಿ ಓದಿದ ಒಬ್ಬ ಹುಡುಗಿಯು ಮೇಲೆ ಹೇಳಿದ ನಾಲ್ಕು ಸಂಗತಿಗಳನ್ನು ತಿಳಿದು ಆ ಮೂಲೆಗೆ ಹೋಗಿ ಕುಳಿತರೆ, ಇಡೀ ಓಣಿಯ ಭಯವು ಕಡಿಮೆಯಾಗುವದು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರೋಸಳು ಸಂಬಳವಿಲ್ಲದೆ ಸೇವೆ ಮಾಡಿದಳು. ಅದು ಆಕೆಯು ತಾನಾಗಿ ಆರಿಸಿಕೊಂಡ ವ್ರತ. ಆದರೆ ಅದನ್ನೇ ನೆವಮಾಡಿಕೊಂಡು, ಆಸ್ಪತ್ರೆಗಳಲ್ಲಿ ಈ ಕೆಲಸ ಮಾಡಿ ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳಿಗೆ ಅಲ್ಪ ಸಂಬಳವೂ ಅಲ್ಪ ಮರ್ಯಾದೆಯೂ ಸಾಕೆಂದು ಹೇಳುವದು ನ್ಯಾಯವಲ್ಲ. ಸೇವೆಯು ಪವಿತ್ರವಾದರೆ ಸೇವೆ ಮಾಡುವವಳ ಅನ್ನವೂ ಪವಿತ್ರವೇ. ಅವಳಿಗೆ ತಕ್ಕ ಶಿಕ್ಷಣವೂ ವಿಶ್ರಾಂತಿಯೂ ಕೂಲಿಯೂ ದೊರೆತರೆ ಮಾತ್ರ ಅವಳ ಕೈಯಲ್ಲಿ ರೋಗಿಯು ಸುರಕ್ಷಿತನು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ, ಕೆಲವರು ದಾದಿಯರಾಗುವಿರಿ, ಕೆಲವರು ಗೃಹಿಣಿಯರಾಗುವಿರಿ. ಯಾವ ಸ್ಥಿತಿಯಲ್ಲಿದ್ದರೂ ಒಂದು ದಿನ ನಿಮ್ಮ ಎದುರಿಗೆ ಯಾರೂ ಮುಟ್ಟಲೊಲ್ಲದ ಒಬ್ಬ ಮನುಷ್ಯನು ಕೈ ಚಾಚುವನು. ಆಗ ಮನಸ್ಸು ಹಿಂಜರಿಯುವದು ತಪ್ಪಲ್ಲ. ಹಾಥಾರ್ನನೂ ಹಿಂಜರಿದನು, ಆತನ ಮಗಳೂ ಹಿಂಜರಿದಳು. ಹಿಂಜರಿದ ಮೇಲೆ ಕೈ ತೊಳೆದುಕೊಂಡು, ಮುಖವನ್ನು ಪ್ರಸನ್ನ ಮಾಡಿಕೊಂಡು, ಹತ್ತಿರ ಹೋಗುವದೇ ದೊಡ್ಡದು. ಇದನ್ನು ಕಲಿಯಲು ರೋಸಳಿಗೆ ಮೂರು ತಿಂಗಳು ಸಾಕಾದವು. ಆಚರಿಸಲು ಮೂವತ್ತು ವರ್ಷಗಳು ಬೇಕಾದವು.